ಗಾಜಿನ ಬುಡ್ಡಿಯ ಹುಟ್ಟೂರು

ದಿಲ್‌ಸುಖ್‌ನಗರದ ಶರಣ ಮಂದಿರದಲ್ಲಿ ಅಂಗಾತ ಮಲಗಿ ಮೇಲೆ ನೋಡಿದರೆ ಫ್ಯಾನಿನ ಮೂರು ರೆಕ್ಕೆಗಳ ಮೇಲೆ ಮೂರು ಹೆಸರು ಕಾಣುತ್ತವೆ. ಫ್ಯಾನು ತಿರುಗಿತೆಂದರೆ ಮೂರೂ ಕೂಡಿ ಒಂದು ಬಿಳಿಯ ಗೆರೆಯಾಗಿ ಯಾರಿಗೂ ಸೇರದೆ ಹೋಗುತ್ತವೆ. ಆದ್ದರಿಂದ ಆ ಮೂರು ಮನೆಯವರು ಬಂದ ದಿನ ಫ್ಯಾನು ನಿಂತೇ ಇರುತ್ತದೆ, ಭಕ್ತರು ಬೆವರುತ್ತಾರೆ. ಹೀಗೆ ಮಂದಿರದ ಗಂಟೆ, ಗಡಿಯಾರ, ಸಾರಿನ ಸೌಟು, ಚಪ್ಪಲಿ ಇಡುವ ಹಲಗೆ, ಎಲ್ಲದರ ಮೇಲೂ ಕೊಟ್ಟವರ ಹೆಸರು ಬಣ್ಣದಲ್ಲಿ ಬರೆದಿದೆ. ಕನ್ನಡ ನಾಡಿನಿಂದ ಇಷ್ಟು ದೂರ, ನಿಜಾಮರ ಊರಿಗೆ ಬಂದು, ಮನೆಯ ಹೊರಗೆ ಕಾಲಿಟ್ಟರೆ ತೆಲುಗು, ಬಸ್ ಹತ್ತಿದರೆ ಹಿಂದಿ ಎಂದು ಬದುಕುವ ಜನಕ್ಕೆ ತಮ್ಮ ಹೆಸರನ್ನು ತಮ್ಮ ಅಕ್ಷರದಲ್ಲಿ ನೋಡುವ ಜಾಗ ಅದೊಂದೇ. ತಪ್ಪೆನ್ನುವಂತಿಲ್ಲ.

ಸೂರ್ಯಕಾಂತನ ಮನೆತನದ ಹೆಸರೂ ಅಲ್ಲಿತ್ತು, ಆದರೆ ಎರಡು ಪ್ಲಾಸ್ಟಿಕ್ ಬಕೀಟುಗಳ ಮೇಲೆ. ಶ್ರಾವಣದ ತಿಂಗಳಿಡೀ ಮಂದಿರದಲ್ಲಿ ಪುರಾಣ ನಡೆದು, ಕಡೆಯ ದಿನ ಮಹಾಮಂಗಲವಾದಾಗ ದಾನಿಗಳ ಮನೆಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಶಾಲು ಹೊದಿಸುವ ಪದ್ಧತಿ. ವಸ್ತು ದೊಡ್ಡದಿದ್ದಷ್ಟೂ ಕರೆ ಮೊದಲು. ಬಕೀಟಿನ ಸರದಿ ಬರುವ ಹೊತ್ತಿಗೆ ಶಾಲು ಮುಗಿದು ಟವೆಲ್ಲು ಸುರುವಾಗಿರುತ್ತಿತ್ತು. ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿರುವ, ಒಂದು ಸಹಿಯಿಂದ ಊರವರ ಫೈಲು ನಿಲ್ಲಿಸಬಲ್ಲ ಮನುಷ್ಯನಿಗೆ ಈ ಟವೆಲ್ಲು ಮನಸ್ಸಿಗೆ ಹತ್ತಿತ್ತು.

ಮಂದಿರದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ಇದ್ದದ್ದು ಹಳೆಯ ಆಂಪ್ಲಿಫಾಯರಿನ ಮೇಲೆ: 'ದಿವಂಗತ ಬೂದೆಪ್ಪನವರ ಸೇವೆ.' ಬೂದೆಪ್ಪನವರ ಮಗ ಶಿವಶರಣಪ್ಪ, ಬೇಗಂಬಜಾರಿನಲ್ಲಿ ಬೇಳೆಯ ಸಗಟು ವ್ಯಾಪಾರಿ, ಈಗ ಮಂದಿರದ ಅಧ್ಯಕ್ಷ. ಆ ಕಬ್ಬಿಣದ ಡಬ್ಬಿಯೊಳಗೆ ಹಳೆಯ ಕಾಲದ ಗಾಜಿನ ವಾಲ್ವು ಇತ್ತು. ಮಂದಿರದವರೆಲ್ಲ ಅದನ್ನು ಬುಡ್ಡಿ ಎನ್ನುತ್ತಿದ್ದರು. ಮಶೀನು ಹಚ್ಚಿದರೆ ಬುಡ್ಡಿ ಕೆಂಪಗಾಗಿ, ಮಾಳಿಗೆಯ ಮೇಲಿನ ಲೌಡ್‌ಸ್ಪೀಕರಿನ ಭೋಂಗಾದಿಂದ ದಪ್ಪ ದನಿಯಲ್ಲಿ ಪುರಾಣ ಹೊರಡುತ್ತಿತ್ತು. ವರ್ಷಕ್ಕೊಂದೇ ತಿಂಗಳು ದುಡಿಯುತ್ತಿದ್ದುದರಿಂದ ಅದು ಇಷ್ಟು ದಿನ ಬಾಳಿತ್ತು. ಹಾಗೆ ದುಡಿದವರ ಆಯುಷ್ಯ ಗಟ್ಟಿ ಎಂಬುದನ್ನು ಸೂರ್ಯಕಾಂತ ತನ್ನ ಕಚೇರಿಯಲ್ಲೂ ಕಂಡಿದ್ದ.

ಆ ಭೋಂಗಾದ ಎದುರಿಗೆ, ಗಲ್ಲಿಯ ಆಚೆ, ಎರಡನೆಯ ಅಂತಸ್ತಿನಲ್ಲಿ ಸೂರ್ಯಕಾಂತನ ಮನೆ. ಅಲ್ಲಿಯ ಕಿಟಕಿ ಅವನ ತಾಯಿ ಅಂಬುಬಾಯಿಯದು. ಅವಳಿಗೆ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ, ಕಿವಿಯೂ ಮಂದವಾಗಿತ್ತು. ಕಿವಿಗೆ ಮಶೀನು ತಂದು ಹಾಕಿ ನೋಡಿದ್ದರು. ಅದರಲ್ಲಿ ಪಾತ್ರೆಗಳ ಮಾತು ಕೇಳಿಸುತ್ತಿತ್ತೇ ಹೊರತು ಮನುಷ್ಯರದು ಕೇಳಿಸುತ್ತಿರಲಿಲ್ಲ. ಆದರೆ ಶ್ರಾವಣ ಬಂದು ಆ ಹಳೆಯ ಭೋಂಗಾ ಬಾಯಿಬಿಟ್ಟಿತೆಂದರೆ ಅದೊಂದು ದನಿ ಮಾತ್ರ ಹೇಗೋ ಅವಳ ಕಿವಿಯೊಳಗೆ ಹಾದಿ ಮಾಡಿಕೊಂಡು ಇಳಿಯುತ್ತಿತ್ತು. ಉಳಿದ ತಿಂಗಳುಗಳನ್ನು ಅವಳು ಆ ಒಂದು ತಿಂಗಳನ್ನು ಮೆಲುಕು ಹಾಕುತ್ತ ಕಳೆಯುತ್ತಿದ್ದಳು.

ಆ ವರ್ಷ ಆಷಾಢದ ಕೊನೆಗೆ ಮಂದಿರ ಗುಡಿಸಿ ಸಾರಿಸುವಾಗ ಮಶೀನನ್ನು ಬಿಸಿಲಿಗೆ ಇಟ್ಟಿದ್ದರು. ಕಿಟಕಿಯಿಂದ ನೋಡುತ್ತಿದ್ದ ಅಂಬುಬಾಯಿ ತಾನಾಗಿಯೇ ಒಂದು ಮಾತು ಅಂದಳು:

"ಅದರಾಗಿನ ಬುಡ್ಡಿ ನಿಮ್ಮಪ್ಪ ತಂದು ಹಾಕಿದ್ದು, ಸೂರ್ಯಾ."

ಸೂರ್ಯಕಾಂತ ಚಹಾದ ಕಪ್ಪು ಕೆಳಗಿಟ್ಟ. ಎಲ್ಲಿಂದ ತಂದರು, ಯಾವಾಗ, ಯಾಕೆ ಎಂದು ಅಲ್ಲಿಯೇ ಕೇಳಬಹುದಿತ್ತು. ಆದರೆ ತಾಯಿಗೆ ಏನಾದರೂ ಕೇಳಬೇಕೆಂದರೆ ಹೊಟ್ಟೆಯಿಂದ ಕೂಗಬೇಕು. ಹಿಂದೊಮ್ಮೆ 'ಅವ್ವಾ, ಗುಳಿಗಿ ತಗೊಂಡಿಯೇನು' ಎಂದು ಕೂಗಿದ್ದಕ್ಕೆ ಕೆಳಗಿನ ಮನೆಯ ತೆಲುಗು ಮೇಷ್ಟ್ರು ಮೇಲೆ ಬಂದು, ಹೆತ್ತವಳನ್ನು ಹಾಗೆ ಗದರಿಸಬಾರದೆಂದು ಬುದ್ಧಿ ಹೇಳಿ ಹೋಗಿದ್ದರು. ಅಂದಿನಿಂದ ಅವನು ತಾಯಿ ಹೇಳಿದ್ದಕ್ಕೆ ತಲೆ ಅಲ್ಲಾಡಿಸುತ್ತಿದ್ದ, ತಿರುಗಿ ಕೇಳುವುದನ್ನು ಬಿಟ್ಟಿದ್ದ. ಈಗಲೂ ತಲೆ ಅಲ್ಲಾಡಿಸಿ ನೇರವಾಗಿ ಕಮಿಟಿಯ ಮುಂದೆ ಹೋಗಿ ನಿಂತ.

"ಮಶೀನಿನ ಜೀವ ಅಂದ್ರ ಆ ಬುಡ್ಡಿ," ಎಂದ. "ಅದು ನಮ್ಮಪ್ಪ ಮಲ್ಲಿಕಾರ್ಜುನಪ್ಪನವರ ಸೇವಾ. ಹೆಸರ ಬರಸ್ರಿ."

ಶಿವಶರಣಪ್ಪ ಸಿಟ್ಟಿಗೇಳಲಿಲ್ಲ. ಬೇಳೆ ಮಾರುವವರಿಗೆ ತಾಳ್ಮೆ ಇರುತ್ತದೆ. "ಸೂರ್ಯಕಾಂತ್ರ, ಮಶೀನು ನಮ್ಮಪ್ಪ ಕೊಟ್ಟಿದ್ದು. ಬುಡ್ಡಿ ಮಶೀನಿನ್ಯಾಗ ಐತಿ. ಆಕಳ ದಾನಾ ಕೊಟ್ಟಮ್ಯಾಲ ಕೊಂಬು ಬ್ಯಾರೆಯವರದು ಅಂದ್ರ ಹ್ಯಾಂಗ್ರಿ?"

"ಕೊಂಬು ಮುರದು, ಹೊಸಾದು ಹಚ್ಚಿದ್ರ, ಸಾವಕಾರ್ರ?"

"ಆಕಳಿಗೆ ಹೊಸಾ ಕೊಂಬು ಯಾರು ಹಚ್ಚತಾರ್ರಿ?"

ಸಭೆ ಆಕಳಿನ ಕಡೆ ಹೊರಳಿತು. ಕೊಂಬಿಲ್ಲದ ಆಕಳೂ ಹಾಲು ಕೊಡುತ್ತದೆ ಎಂದು ಒಬ್ಬರು, ಆದರೆ ದಾನಕ್ಕೆ ಬರುವುದಿಲ್ಲ ಎಂದು ಇನ್ನೊಬ್ಬರು. ಕಡೆಗೆ ಹಿರಿಯರು ಕೂಡಿ ತೀರ್ಪು ಕೊಟ್ಟರು: ಬುಡ್ಡಿಯ ಮೇಲೆ ಕಂಪನಿಯ ಮುದ್ರೆ ಇರುತ್ತದೆ. ಮಶೀನು ಹುಟ್ಟಿದ ಕಡೆಯೇ ಬುಡ್ಡಿಯೂ ಹುಟ್ಟಿದ್ದರೆ ಅದು ಬೂದೆಪ್ಪನವರದು. ಬೇರೆ ಕಡೆ ಹುಟ್ಟಿದ್ದರೆ ಮಲ್ಲಿಕಾರ್ಜುನಪ್ಪನವರದು. ತೀರ್ಮಾನವಾಗುವ ತನಕ ಬುಡ್ಡಿ ಮಶೀನಿನೊಳಗೆ ಹೋಗಕೂಡದು, ಯಾಕೆಂದರೆ ಒಳಗಿದ್ದವರ ಹಕ್ಕು ಹೊರಗಿದ್ದವರಿಗಿಂತ ಬಲವಾಗುತ್ತದೆ. ಮುದ್ರೆಯನ್ನು ಓದಿಸಿಕೊಂಡು ಬರುವ ಹೊಣೆ ಸೂರ್ಯಕಾಂತನದು. ನಮ್ಮ ಜನ ಹೆಣ್ಣು ಕೊಡುವಾಗ ಮೂಲ ಯಾವ ಊರು, ಮನೆದೇವರು ಯಾವುದು ಎಂದು ವಿಚಾರಿಸುವುದುಂಟು. ಗಾಜಿನ ಬುಡ್ಡಿಗೆ ಆ ವಿಚಾರಣೆ ನಡೆದದ್ದು ಬಹುಶಃ ಅದೇ ಮೊದಲು.

ಸೂರ್ಯಕಾಂತ ಬುಡ್ಡಿಯನ್ನು ಹೊಸ ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ತಂದ. ಗಾಜಿನ ಮೇಲೆ ವರ್ಷಗಟ್ಟಲೆಯ ಧೂಳು, ಊದುಬತ್ತಿಯ ಜಿಡ್ಡು. ತಂದೆಯ ವಸ್ತು ಹೀಗೆ ಹೊಲಸಾಗಿ ಹಿರಿಯರ ಮುಂದೆ ಹೋಗುವುದು ಅವನಿಗೆ ಸರಿಕಾಣಲಿಲ್ಲ. ಮರುದಿನ ಜಳಕ ಮಾಡಿ, ಪೂಜೆಯ ಕಾಲಕ್ಕೆ ಅದನ್ನೂ ಜಗಲಿಯ ಮೇಲಿಟ್ಟು, ದೇವರ ಸಾಮಾನು ಒರೆಸುವ ಒದ್ದೆ ಬಟ್ಟೆಯಿಂದ ಸುತ್ತಲೂ ತಿಕ್ಕಿ ತಿಕ್ಕಿ ಒರೆಸಿ, ಮೂರು ಬೆರಳಿನಿಂದ ಅಚ್ಚುಕಟ್ಟಾಗಿ ವಿಭೂತಿ ಹಚ್ಚಿದ. ಬುಡ್ಡಿ ಫಳಫಳ ಹೊಳೆಯಿತು.

ಹೆಂಡತಿ ಉಮಾಬಾಯಿ ಹೂವು ತಂದವಳು ನೋಡಿದಳು. "ಏನ್ರೀ, ಅದರ ಮ್ಯಾಲ ಬೆಳ್ಳಗ ಏನೋ ಅಕ್ಷರ ಇದ್ದುವಲ್ಲ?"

"ಹೊಲಸು ಇತ್ತು. ಒರಸೀನಿ."

"ಹೊಲಸು ಇಂಗ್ಲಿಷಿನ್ಯಾಗ ಇತ್ತರಿ."

ಸೂರ್ಯಕಾಂತ ಬಟ್ಟೆಯನ್ನು ನೋಡಿದ. ಬಟ್ಟೆಯ ತುಂಬ ಬೂದು ಬಣ್ಣದ ಹಿಟ್ಟು, ಗಾಜಿನ ಮೇಲೆ ಎಳ್ಳಷ್ಟೂ ಬರಹವಿಲ್ಲ. ಹಳೆಯ ವಾಲ್ವುಗಳ ಮೇಲಿನ ಅಚ್ಚು ಎಷ್ಟೋ ಸಲ ಬೆರಳು ತಾಗಿದರೂ ಅಳಿಸಿ ಹೋಗುವಂಥದು. ಅವನು ಅದಕ್ಕೆ ದೇವರ ಸ್ನಾನವನ್ನೇ ಮಾಡಿಸಿದ್ದ.

ಸಂಜೆ ಶಿವಶರಣಪ್ಪ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ಇದರ ಮ್ಯಾಲ ವಿಭೂತಿ ಬಿಟ್ರ ಏನೂ ಇಲ್ಲಲ್ರೀ. ಧರ್ಮದ ಗುರುತ ಉಳದೈತಿ, ಕಂಪನಿ ಗುರುತ ಹೋಗೇತಿ."

"ನಾನು ಪತ್ತೆ ಹಚ್ಚತೀನಿ," ಎಂದ ಸೂರ್ಯಕಾಂತ.

"ಹಚ್ಚರಿ. ಅಲ್ಲೀತನಕ ಬಾಡಿಗಿ ಪೆಟ್ಟಿಗಿ ತರಸೂಣು."

ಶ್ರಾವಣ ಹಿಡಿಯಿತು. ಬಾಡಿಗೆಯ ಕರಿಯ ಸ್ಪೀಕರ್ ಪೆಟ್ಟಿಗೆ ಬಂತು. ಗಲ್ಲಿಯ ಎಳೆಯ ಕಿವಿಗಳಿಗೆಲ್ಲ ಪುರಾಣ ಸ್ಪಷ್ಟವಾಗಿ, ಚೂಪಾಗಿ ಕೇಳಿತು. ಅಂಬುಬಾಯಿಗೆ ಮಾತ್ರ ಎಲ್ಲಿಯೋ ಸೊಳ್ಳೆ ಹಾರಿದಂತಾಗುತ್ತಿತ್ತು. ಅವಳು ಎಂದಿನಂತೆ ಸೆರಗು ಹೊದ್ದು ಕಿಟಕಿಯಲ್ಲಿ ಕೂತಳು. ತೆರೆದ ಬಾಗಿಲಿನಿಂದ ಪುರಾಣಿಕರ ಕೈ ಏಳುವುದು ಬೀಳುವುದು ಕಾಣುತ್ತಿತ್ತು. ಜನ ನಕ್ಕಾಗ ತಾನೂ ನಗುತ್ತಿದ್ದಳು, ಸ್ವಲ್ಪ ತಡವಾಗಿ.

"ಇವತ್ತ ಏನ್ ಹೇಳಿದ್ರು?" ಎಂದು ಸೊಸೆಯನ್ನು ಕೇಳಿದಳು.

ಉಮಾಬಾಯಿಗೆ ಒಲೆಯ ಮೇಲೆ ಹಂಚು ಕಾದಿತ್ತು. ಕಿವಿಯ ಹತ್ತಿರ ಬಗ್ಗಿ ಒದರಿದಳು: "ರಾಜಾ ಕಾಡಿಗೆ ಹೋದ್ರಿ, ಅತ್ತಿ."

"ಯಾಕ?"

"ಸಿಟ್ಟು ಬಂತಂತ್ರಿ."

ಅಂಬುಬಾಯಿ ಸೆರಗು ಸರಿಮಾಡಿಕೊಂಡು ಮತ್ತೆ ಕಿಟಕಿಯ ಕಡೆ ಹೊರಳಿದಳು. ಒಂದು ಸಂಜೆಯ ಕಥೆ, ಅದರ ನಡುವಿನ ಪದ್ಯ, ಪದ್ಯದ ನಡುವಿನ ಉಸಿರು, ಎಲ್ಲ ಸೇರಿ ಇಷ್ಟೇ ಆಗಿ ಬಂದಿತ್ತು. "ಈ ವರ್ಷ ನಾ ಬರೇ ಪುರಾಣಾ ನೋಡಾಕತ್ತೀನಿ," ಎಂದಳು. ದೂರಿನ ದನಿಯಲ್ಲಲ್ಲ, ಮಳೆ ಬರಲಿಲ್ಲ ಎನ್ನುವವರ ಹಾಗೆ.

ಉಮಾಬಾಯಿ ಗಂಡನ ಹತ್ತಿರ ಬಂದಳು. "ಮೊದಲ ಬುಡ್ಡಿ ಒಯ್ದು ಇದ್ದ ಜಾಗಾದಾಗ ಚುಚ್ಚರಿ. ಹುಟ್ಟಿದ್ದು ಎಲ್ಲಿ ಅಂತ ಆಮ್ಯಾಲ ಹುಡಕರಿ. ಮುದುಕಿ ಮಾರಿ ನೋಡಾಕ ಆಗವಲ್ದು."

"ನಿನಗ ತಿಳಿಯೂದಿಲ್ಲ. ಒಮ್ಮೆ ಒಳಗ ಹೋದ ಫೈಲು ಹೊರಗ ಬರೂದಿಲ್ಲ. ಅಪ್ಪನ ಹೆಸರು ನಿಂದರಬೇಕೋ ಬ್ಯಾಡೋ?"

"ಅಪ್ಪನ ಹೆಸರು ನಿಂದರಸಾಕ ಅವ್ವನ ಕಿವಿ ಮುಚ್ಚಿದಂಗಾತು."

ಸೂರ್ಯಕಾಂತ ಬುಡ್ಡಿಯನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದ. ಮಾತು ಸರಿಯಾಗಿ ತಾಗಿದಾಗ ಮನುಷ್ಯ ಇನ್ನಷ್ಟು ಚುರುಕಾಗಿ ತಪ್ಪು ಕೆಲಸಕ್ಕೆ ಹೊರಡುತ್ತಾನೆ. ಅವನು ಕೋಠಿಗೆ ಹೊರಟ.

ಕೋಠಿಯ ಇಲೆಕ್ಟ್ರಾನಿಕ್ಸ್ ಗಲ್ಲಿಯಲ್ಲಿ ಕ್ಯಾಮರಾ, ಚಾರ್ಜರು, ಬಣ್ಣದ ದೀಪದ ಮಾಲೆ ಸಿಗುತ್ತವೆ. ಒಂದು ಅಂಗಡಿಯವನು ಬುಡ್ಡಿಯನ್ನು ಬೆಳಕಿಗೆ ಹಿಡಿದು, ಇದರ ಬದಲಿಗೆ ಎಲ್‌ಇಡಿ ಹಾಕಿಸಿ, ಕರೆಂಟು ಉಳಿಯುತ್ತದೆ ಎಂದ. ಇನ್ನೊಬ್ಬ, ನಂಬರಿಲ್ಲದ ವಾಲ್ವು ವಿಳಾಸವಿಲ್ಲದ ಮನುಷ್ಯನ ಹಾಗೆ, ಏನೂ ಹೇಳಲು ಬರುವುದಿಲ್ಲ ಎಂದ. ಮತ್ತೊಬ್ಬ ವಿಭೂತಿಯನ್ನು ಕಂಡು ಕೈಮುಗಿದು ತಿರುಗಿ ಕೊಟ್ಟ. ಕಡೆಗೆ ಯಾರೋ ಗುರುವಾರದ ಜುಮೇರಾತ್ ಬಜಾರಿಗೆ ಹೋಗೆಂದರು. ಸೂರ್ಯಕಾಂತ ಹೊಟ್ಟೆನೋವೆಂದು ರಜೆ ಬರೆದು ಹೋದ.

ಅಲ್ಲಿ ಒಡೆದ ಗ್ರಾಮಫೋನು, ಹಿತ್ತಾಳೆಯ ಬಾಗಿಲ ಹಿಡಿಕೆ, ಒಂಟಿ ಬೂಟುಗಳ ನಡುವೆ ಮೊಯಿನ್ ಭಾಯಿ ಎಂಬ ಹಳೆಯ ಸಾಮಾನಿನ ವ್ಯಾಪಾರಿ ಕೂತಿದ್ದ. ಬುಡ್ಡಿಯನ್ನು ಅಂಗೈಯಲ್ಲಿ ಉರುಳಿಸಿ ನೋಡಿದ. ನೋಡುವುದಕ್ಕಿಂತ ಹೆಚ್ಚಾಗಿ ಸೂರ್ಯಕಾಂತನ ಮುಖವನ್ನು ಓದಿದ.

"ಕಾಂ ಪೈದಾ ಹುವಾ ಹೋನಾ, ಸಾಬ್?" ಎಲ್ಲಿ ಹುಟ್ಟಿರಬೇಕು ಹೇಳಿ, ಎಂಬುದು ಅವನ ಪ್ರಶ್ನೆ. "ಆಪ್ ಬೋಲೋ, ಹಮ್ ವೈಚ್ ಪೈದಾ ಕರಾ ದೇತೇ." ನೀವು ಹೇಳಿದ ಕಡೆಯೇ ಹುಟ್ಟಿಸಿಕೊಡುತ್ತೇನೆ ಎಂದ.

"ಮಶೀನು ಹುಟ್ಟಿದ ಕಡೆ ಹುಟ್ಟಿರಬಾರದು, ಅಷ್ಟ," ಎಂದು ಸೂರ್ಯಕಾಂತ ತನ್ನ ಹಿಂದಿಯಲ್ಲಿ ಹೇಳಿದ.

"ಹೌ. ಯೇ ತೋ ನಿಜಾಮ್ ಸರ್ಕಾರ್ ಕೇ ಮಹಲ್ ಕಾ ಮಾಲ್ ಹೈ. ಖುದ್ ಹುಜೂರ್ ಕೇ ರೇಡಿಯೋ ಮೇಂ ಥಾ. ಬೇಚ್ತೇ ಕ್ಯಾ?" ನಿಜಾಮರ ಅರಮನೆಯ ಮಾಲು, ಅವರದೇ ರೇಡಿಯೋದಲ್ಲಿ ಇದ್ದದ್ದು, ಮಾರುತ್ತೀರಾ ಎಂದ.

ಸೂರ್ಯಕಾಂತನ ಎದೆ ಉಬ್ಬಿತು. ಮಾರುವುದಿಲ್ಲ, ನಿಜ ತಿಳಿಯಬೇಕು ಅಷ್ಟೇ ಎಂದ. ಮಾರುವುದಿಲ್ಲ ಎಂದ ಕೂಡಲೇ ಮೊಯಿನ್ ಭಾಯಿಗೆ ನಿಜಾಮರಲ್ಲಿದ್ದ ಆಸಕ್ತಿ ಹೋಯಿತು. ಹಾಗಾದರೆ ಕೇಳಿ, ಎಂದು ಬೀಡಿ ಹಚ್ಚಿ ಹೇಳಿದ: ಆ ಕಾಲದ ಕಂಪನಿಗಳೆಲ್ಲ ಒಬ್ಬರ ಗಾಜನ್ನು ಇನ್ನೊಬ್ಬರು ಕೊಂಡು ತಮ್ಮ ಮುದ್ರೆಯ ಠಸ್ಸೆ ಒತ್ತುತ್ತಿದ್ದವು. ಒಂದು ದೇಶದಲ್ಲಿ ಹುಟ್ಟಿದ್ದು ಮತ್ತೊಂದು ದೇಶದ ಹೆಸರಿನಲ್ಲಿ ಬಂದು ಮೂರನೆಯ ದೇಶದಲ್ಲಿ ಹಾಡುತ್ತಿತ್ತು. ಮುದ್ರೆ ಇದ್ದರೂ ಹುಟ್ಟು ತಿಳಿಯುವುದಿಲ್ಲ, ಸಾಬ್, ಠಸ್ಸೆಯ ಮೇಲೆ ಹೋಗಬೇಡಿ.

ಇದು ಸೂರ್ಯಕಾಂತನ ಕಿವಿಗೆ ಬಿತ್ತು, ಆದರೆ ಒಳಗೆ ಇಳಿಯಲಿಲ್ಲ. ಒಳಗೆ ಆಗಲೇ ನಿಜಾಮರು ಕೂತಿದ್ದರು. ಮೆಟ್ರೋ ಹತ್ತಿದವನು ಮಲಕಪೇಟೆ ಬರುವುದರೊಳಗೆ ಮಂದಿರದ ಕಾರ್ಯದರ್ಶಿಗೆ ಫೋನು ಮಾಡಿ ಹೇಳಿದ. ಅವನು ದಿಲ್‌ಸುಖ್‌ನಗರದಲ್ಲಿ ಇಳಿಯುವ ಹೊತ್ತಿಗೆ ಸುದ್ದಿ ಗಲ್ಲಿಯಲ್ಲಿ ಅವನಿಗಿಂತ ಮೊದಲೇ ಇಳಿದು ಓಡಾಡುತ್ತಿತ್ತು. ಮಲ್ಲಿಕಾರ್ಜುನಪ್ಪನವರು ನಿಜಾಮರ ಕಾಲದಲ್ಲಿ ಅರಮನೆಗೆ ಹೋಗಿ ಬರುತ್ತಿದ್ದರೆಂದು ಕಿರಾಣಿಯವನು ಹೇಳಿದ. ಆ ಕಾಲಕ್ಕೆ ಮಲ್ಲಿಕಾರ್ಜುನಪ್ಪನವರು ಆಳಂದದ ಓಣಿಯಲ್ಲಿ ಚಡ್ಡಿ ಇಲ್ಲದೆ ಓಡಾಡುತ್ತಿದ್ದರು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮರುದಿನ ಕಚೇರಿಯಲ್ಲಿ, ಹೊಟ್ಟೆನೋವು ಹೇಗಿದೆ ಎಂದು ಕೇಳಿದವರಿಗೆಲ್ಲ ಸೂರ್ಯಕಾಂತ ಬುಡ್ಡಿಯ ಕಥೆ ಹೇಳಿದ.

ನಾಂಪಲ್ಲಿಯಲ್ಲಿ ಒಂದು ಕಚೇರಿಯ ಗೋಡೆಗೆ ಇನ್ನೊಂದು ಕಚೇರಿಯ ಕಿವಿ ಹತ್ತಿರ. ಭಾನುವಾರ ಬೆಳಿಗ್ಗೆ, ಹಳೆಯ ವಸ್ತುಗಳನ್ನು ನೋಡಿಕೊಳ್ಳುವ ಇಲಾಖೆಯ ಅಧಿಕಾರಿಯೊಬ್ಬರು ಚರ್ಮದ ಚೀಲ ಹಿಡಿದು ಸೂರ್ಯಕಾಂತನ ಮೆಟ್ಟಿಲು ಹತ್ತಿದರು. ಹೆಸರು ನರಸಿಂಹಾಚಾರಿ. ತೆಲುಗಿನವರು, ಮೆತ್ತನೆಯ ಮಾತಿನವರು. ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಶಿವಶರಣಪ್ಪ ಏದುಸಿರು ಬಿಡುತ್ತ ಹಿಂದೆಯೇ ಬಂದರು. ಗಲ್ಲಿಯಲ್ಲಿ ಸರ್ಕಾರಿ ಜೀಪು ನಿಂತರೆ ಬೇಳೆಯ ವ್ಯಾಪಾರಿಗೆ ಸುಮ್ಮನೆ ಕೂರಲಾಗುವುದಿಲ್ಲ.

"ನಿಜಾಮರ ಆಸ್ತಿಯೊಂದು ನಿಮ್ಮಲ್ಲಿದೆ ಎಂದು ತಿಳಿಯಿತು," ಎಂದರು ಚಾರಿಯವರು ತೆಲುಗಿನಲ್ಲಿ. "ನೂರು ವರ್ಷದ ವಸ್ತುವಾದರೆ ನೋಂದಣಿ ಆಗಬೇಕು. ಅರಮನೆಯದಾದರೆ ಅದು ನಿಮ್ಮ ಕೈಗೆ ಹೇಗೆ ಬಂತು ಎಂಬ ವಿಚಾರಣೆಯಾಗಬೇಕು. ಇದಿ ಎವರಿದಂಡಿ? ಯಾರದಿದು?"

ಪಿಂಚಣಿ ಹತ್ತಿರ ಬಂದಿರುವ ನೌಕರನಿಗೆ ವಿಚಾರಣೆ ಎಂಬ ಪದ ಹಾವಿದ್ದಂತೆ. ಸೂರ್ಯಕಾಂತ ಶಿವಶರಣಪ್ಪನವರ ಕಡೆ ಬೆರಳು ತೋರಿಸಿದ. "ಇವರ ತಂದಿಯವರದು ಸರ್. ಬೂದೆಪ್ಪನವರದು. ಮಶೀನಿನ ಮ್ಯಾಲ ಹೆಸರ ಸೈತ ಐತಿ."

"ಎಲ್ಲಿದು? ಮಶೀನು ಅಷ್ಟ ನಮ್ಮದು," ಎಂದರು ಶಿವಶರಣಪ್ಪ. "ಬುಡ್ಡಿ ಇವರಪ್ಪಂದು. ಕಮಿಟಿ ಮುಂದ ಇವರ ಒಪ್ಪಿಕೊಂಡಾರ್ರಿ."

"ಆಕಳ ಜೋಡಿ ಕೊಂಬು ಬರತೈತಿ ಅಂತ ಅಂದವರು ಯಾರ್ರಿ, ಸಾವಕಾರ್ರ?"

"ಕೊಂಬು ಬ್ಯಾರೆ, ಆಕಳ ಬ್ಯಾರೆ. ನೀವ ಹೇಳಿದ್ದು ಖರೇ ಐತಿ ಅಂತ ಈಗ ನನಗ ತಿಳೀತು."

ಶ್ರಾವಣದ ಮೊದಲಿನಿಂದ ತಮ್ಮದೆಂದು ಹೊಡೆದಾಡಿದ ವಸ್ತುವನ್ನು ಇಬ್ಬರೂ ಹೀಗೆ ಬಿಸಿ ಹಂಚಿನಂತೆ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತಿರಲು ಚಾರಿಯವರು ತಾಳ್ಮೆಯಿಂದ ಚೀಲ ತೆರೆದರು. "ವಸ್ತು ಎಲ್ಲಿದೆ?"

ಎಲ್ಲರೂ ಉಮಾಬಾಯಿಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಅಡುಗೆಮನೆಗೆ ನಡೆದಳು. ಮೆಟ್ಟಿಲ ಮೇಲೆ ಅಧಿಕಾರಿಯ ದನಿ ಕೇಳಿದ ಕೂಡಲೇ ಬುಡ್ಡಿಯನ್ನು ಫ್ರಿಜ್ಜಿನಲ್ಲಿ ಅಡಗಿಸಿಟ್ಟಿದ್ದಳು. ಅದೂ ಸಾಲದೆ, ಹೊರಗೆ ಕಾಣಬಾರದೆಂದು ಮೇಲಿನ ಐಸಿನ ಖಾನೆಯಲ್ಲಿ, ಬಟಾಣಿ ಪಾಕೀಟಿನ ಹಿಂದೆ. ಅವಳು ತೆಗೆದು ಸೆರಗಿನ ಮೇಲಿಟ್ಟು ತಂದಳು. ಶ್ರಾವಣದ ತೇವದ ಗಾಳಿ ತಣ್ಣನೆಯ ಗಾಜಿಗೆ ತಾಗಿ ಬುಡ್ಡಿಯ ಮೇಲೆ ಮೆಲ್ಲಗೆ ಮಂಜು ಕೂತಿತು. ಕೂತ ಮಂಜಿನ ನಡುವೆ, ಮಂಜು ಹಿಡಿಯದ ಸಣ್ಣ ಸಣ್ಣ ಗೆರೆಗಳು ಕಂಡವು.

"ಅಕ್ಷರ ಬಂದಾವ್ರೀ," ಎಂದಳು ಉಮಾಬಾಯಿ.

ಮೂರು ತಲೆಗಳು ಒಂದಕ್ಕೊಂದು ಬಡಿದವು. ಬಣ್ಣ ಹೋದರೂ ಗಾಜು ತನ್ನ ಮೇಲೆ ಬರೆದದ್ದನ್ನು ಮರೆತಿರಲಿಲ್ಲ. ಓದುವಷ್ಟರಲ್ಲಿ ಮಂಜು ಕರಗಿತು, ಮತ್ತೆ ಫ್ರಿಜ್ಜಿಗಿಟ್ಟರು. ಸರ್ಕಾರಿ ಅಧಿಕಾರಿ, ಮಂದಿರದ ಅಧ್ಯಕ್ಷ, ಹೆಡ್ ಕ್ಲಾರ್ಕು, ಮೂವರೂ ಅಡುಗೆಮನೆಯಲ್ಲಿ ಫ್ರಿಜ್ಜಿನ ಮುಂದೆ ದರ್ಶನಕ್ಕೆ ಕಾದವರಂತೆ ಕೈಕಟ್ಟಿ ನಿಂತರು. ಎರಡನೆಯ ಸಲ ಚಾರಿಯವರು ನಂಬರು ಓದಿ, ಮೊಬೈಲಿನಲ್ಲಿ ಹುಡುಕಿ, ಚೀಲ ಮುಚ್ಚಿದರು.

"ಹಾಲೆಂಡಿನ ಮುದ್ರೆ. ನೂರು ವರ್ಷ ಎಲ್ಲಿಯದು, ಈ ಜಾತಿಯ ವಾಲ್ವು ಹುಟ್ಟಿಯೇ ಎಪ್ಪತ್ತು ಚಿಲ್ಲರೆ ವರ್ಷ. ಆಗ ಮನೆಮನೆಯ ರೇಡಿಯೋದಲ್ಲೂ ಇರುತ್ತಿದ್ದದ್ದು. ಅರಮನೆಗೂ ಇದಕ್ಕೂ ಸಂಬಂಧವಿಲ್ಲ." ಉಮಾಬಾಯಿ ಕೊಟ್ಟ ಚಹಾ ಕುಡಿದು, ಹೋಗುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದರು, "ಒರೆಸಬೇಡಿ ಇನ್ನು."

ಜೀಪು ಗಲ್ಲಿಯ ತಿರುವು ದಾಟಿತು. ಶಿವಶರಣಪ್ಪ ಗಂಟಲು ಸರಿಮಾಡಿಕೊಂಡರು. "ಹಾಲೆಂಡು ಅಂದ್ರಲ್ಲ. ನಮ್ಮಪ್ಪನ ಮಶೀನಿನ್ಯಾಗ ಎಲ್ಲಾ ಹಾಲೆಂಡ್ ಮಾಲೇ ಇತ್ತು."

"ಠಸ್ಸೆದ ಮ್ಯಾಲ ಏನೂ ತಿಳಿಯೂದಿಲ್ಲ ಸಾವಕಾರ್ರ. ಒಬ್ಬರ ಗಾಜು, ಇನ್ನೊಬ್ಬರ ಠಸ್ಸೆ. ಜುಮೇರಾತ್ ಬಜಾರದಾಗ ಕೇಳಿ ಬಂದೀನಿ," ಎಂದ ಸೂರ್ಯಕಾಂತ. ಬೇಡದಿದ್ದಾಗ ಕಿವಿಯಲ್ಲೇ ಉಳಿದಿದ್ದ ಮಾತು ಬೇಕಾದಾಗ ಒಳಗೆ ಇಳಿದಿತ್ತು.

ಮಾತು ಏರಿತು. ಆಕಳು ಮತ್ತೆ ಬಂತು, ಕೊಂಬೂ ಬಂತು. ಇಬ್ಬರ ಕೈಗಳು ಗಾಳಿಯಲ್ಲಿ ಎದ್ದು ಬೀಳುತ್ತಿದ್ದವು. ಒಳಗಿನ ಕೋಣೆಯಿಂದ ಅಂಬುಬಾಯಿ ಗೋಡೆ ಹಿಡಿದು ಹೊರಗೆ ಬಂದಳು. ಅವಳಿಗೆ ಕಂಡದ್ದು ಬಾಯಿ ಆಡಿಸುವ ಇಬ್ಬರು, ನಡುವೆ ಒಂದು ಬುಡ್ಡಿ. ಪುರಾಣವನ್ನು ನೋಡಿದಂತೆಯೇ ಇದನ್ನೂ ಸ್ವಲ್ಪ ಹೊತ್ತು ನೋಡಿದಳು.

"ಏನ್ ಅದು?" ಎಂದು ಕೇಳಿದಳು.

ಸೂರ್ಯಕಾಂತನಿಗೆ ರೋಸಿಹೋಗಿತ್ತು. ಕೆಳಗಿನ ಮೇಷ್ಟ್ರು ಬಂದರೂ ಬರಲಿ ಎಂದು ತಾಯಿಯ ಕಿವಿಗೆ ಬಾಯಿಟ್ಟು ಹೊಟ್ಟೆಯಿಂದ ಕೂಗಿದ. "ಅವ್ವಾ, ಈ ಬುಡ್ಡಿ ಅಪ್ಪ ಎಲ್ಲಿಂದ ತಂದಿದ್ದಾ?"

"ಸಾಬಮ್ಮನ ಮನಿಯಿಂದ," ಎಂದಳು ಅಂಬುಬಾಯಿ.

ಕಿವುಡರ ದನಿ ದೊಡ್ಡದು. ಕಿಟಕಿಯ ಕೆಳಗೆ ತರಕಾರಿ ಗಾಡಿಯ ಸುತ್ತ ನಿಂತಿದ್ದವರೂ ತಲೆ ಎತ್ತಿದರು.

"ಯಾವ ಸಾಬಮ್ಮ?" ಎಂದು ಶಿವಶರಣಪ್ಪ ಕೇಳಿದರು, ಕೇಳಿ ತಾವೇ ಕುಂತುಬಿಟ್ಟರು. ದಾಸೋಹಕ್ಕೆ ರೊಟ್ಟಿ ಬಡಿಯುತ್ತಿದ್ದ ಸಾಬಮ್ಮ. ಮಂದಿರಕ್ಕೆ ಇನ್ನೂ ತಗಡಿನ ಮಾಡು ಇದ್ದ ಕಾಲದಲ್ಲಿ, ಹುಡುಗ ಶಿವಶರಣಪ್ಪನ ಕೈಗೆ ಬಿಸಿ ರೊಟ್ಟಿ ಕೊಟ್ಟು, ನಿಂತು ತಿನ್ನಬ್ಯಾಡ, ಕುಂತು ತಿನ್ನು ಎಂದು ಗದರುತ್ತಿದ್ದವಳು.

ಅಂಬುಬಾಯಿ ಗೋಡೆಗೆ ಒರಗಿ ಹೇಳಿದಳು. "ಪುರಾಣ ನಡದಿತ್ತು. ನಡುವ ಮಶೀನು ಟಪ್ ಅಂತು, ಬೂದೆಪ್ಪನವರು ಕೊಟ್ಟ ಬುಡ್ಡಿ ಸುಟ್ಟು ಹೋತು. ಜನಾ ಏಳಾಕತ್ರು. ಸಾಬಮ್ಮ ಹಿಟ್ಟಿನ ಕೈಲೇ ಬಂದು ನಿಮ್ಮಪ್ಪನ್ನ ಕರದ್ಲು. ತಮ್ಮಾ, ನನ್ನ ರೇಡಿಯೋದಾಗ ಹಿಂತಾದ ಒಂದು ಉರೀತೈತಿ, ಇದಕ್ಕ ಬರತೈತೇನು ನೋಡು ಅಂದ್ಲು. ಗಂಡಾ ಇದ್ದಾಗ ತಂದ ರೇಡಿಯೋ ಅದು. ಸಂಜೀಕ ಕಲಬುರಗಿ ಸ್ಟೇಷನ್ನ ಹಚ್ಚಿ ಕುಂದರತಿದ್ಲು. ಇವರು ಹೋಗಿ ಕಿತ್ತಿ ತಂದು ಹಾಕಿದ್ರು. ಬಂತು."

"ಹೊಸಾದು ತಂದು ಆಕಿದು ತಿರುಗಿ ಕೊಡಲಿಲ್ಲೇನು?" ಎಂದು ಸೂರ್ಯಕಾಂತ ಮತ್ತೆ ಕೂಗಿದ.

"ಇವರು ಕೊಡಾಕ ಹೋಗಿದ್ರು. ಪುರಾಣಕ್ಕ ಕೊಟ್ಟಿದ್ದು ಹೊಳ್ಳಿ ತಗೋಳೂದಿಲ್ಲ, ಯಾರ ಮುಂದೂ ಹೇಳಬ್ಯಾಡ ಅಂದ್ಲು."

"ಮತ್ತ ಆಕಿ ರೇಡಿಯೋ?"

"ಅದರ ಮ್ಯಾಲ ಹಿಟ್ಟಿನ ಡಬ್ಬಿ ಇಟ್ಲು. ಸಾಯೂತನಕ ಅಲ್ಲೇ ಇತ್ತು."

ಸೂರ್ಯಕಾಂತ ನೆಲ ನೋಡಿದ. "ಮೊದಲ ಯಾಕ ಹೇಳಲಿಲ್ಲವ್ವಾ," ಎಂದ. ಕೂಗಲಿಲ್ಲ. ಆದರೂ ಅವಳಿಗೆ ಅವನ ಮುಖದಿಂದ ತಿಳಿಯಿತು.

"ನೀ ಎಲ್ಲಿ ಕೇಳಿದಿ? ತಂದು ಹಾಕಿದಾಂವ ನಿಮ್ಮಪ್ಪ ಅಂದೆ. ಅಷ್ಟಕ್ಕ ಎದ್ದು ಹೋದಿ."

ಊರೆಲ್ಲ ಸುತ್ತಿ, ಹಾಲೆಂಡಿನಿಂದ ನಿಜಾಮರ ಮಹಲಿನ ತನಕ ವಿಚಾರಿಸಿ ಬಂದವನು ಮನೆಯೊಳಗಿನ ಒಂದು ಕಿವಿಗೆ ಬಾಯಿ ಇಡುವ ಕಷ್ಟ ತೆಗೆದುಕೊಂಡಿರಲಿಲ್ಲ. ಉಮಾಬಾಯಿ ಇದನ್ನು ಹೇಳಬಹುದಿತ್ತು, ಬದಲಿಗೆ ಬಟಾಣಿ ಸುಲಿಯುವವರಂತೆ ಬೆರಳು ನೋಡಿಕೊಂಡಳು.

ಶಿವಶರಣಪ್ಪ ಎದ್ದರು. ಎರಡೂ ಅಂಗೈ ಕೂಡಿಸಿ ಮುಂದೆ ಚಾಚಿದರು. ಸೂರ್ಯಕಾಂತ ಬುಡ್ಡಿಯನ್ನು ಅದರಲ್ಲಿಟ್ಟ.

"ಹಂಗಾರ ಹೆಸರು..." ಎಂದು ಅವನು ತೊದಲಿದ.

"ಹೇಳಬ್ಯಾಡ ಅಂದಾಳಲ್ರಿ," ಎಂದರು ಶಿವಶರಣಪ್ಪ. "ಗಲ್ಲಿಗೆಲ್ಲಾ ಕೇಳೇತಿ, ಅದ ಭಾಳ ಆತು. ನಡೀರಿ, ಇದನ್ನ ಹಾಕೂಣು." ಚಪ್ಪಲಿ ಮೆಟ್ಟುವುದನ್ನೂ ಮರೆತು ಮೆಟ್ಟಿಲು ಇಳಿದರು.

ಸಂಜೆ ಬಾಡಿಗೆಯ ಪೆಟ್ಟಿಗೆ ಮೂಲೆಗೆ ಸರಿಯಿತು. ಸೂರ್ಯಕಾಂತ ಬುಡ್ಡಿಯ ಕಾಲುಗಳನ್ನು ಅದರ ತೂತುಗಳಿಗೆ ಹೊಂದಿಸಿ ಮೆಲ್ಲಗೆ ಒತ್ತಿದ, ಗುಂಡಿ ತಿರುಗಿಸಿದ. ಏನೂ ಆಗಲಿಲ್ಲ. ಪುರಾಣಿಕರು ಗಂಧ ಹಚ್ಚಿಕೊಂಡು ಪುಸ್ತಕದ ಮುಂದೆ ಕೂತೇ ಇದ್ದರು. ಹಳೆಯ ಮಶೀನು ಕೂಡಲೇ ಮಾತಾಡುವುದಿಲ್ಲ, ಮೊದಲು ಮೈ ಕಾಯಿಸಿಕೊಳ್ಳಬೇಕು. ಗಾಜಿನೊಳಗೆ ಒಂದು ಕೆಂಪು ಚುಕ್ಕಿ ಕಂಡಿತು, ಆಮೇಲೆ ಮಾಳಿಗೆಯ ಮೇಲೆ ದೂರದ ಜೇನಿನಂಥ ಗುಂಯ್ ಎಂಬ ಸದ್ದು. ಪುರಾಣಿಕರು ದನಿ ತೆಗೆದರು.

ಸೂರ್ಯಕಾಂತ ಅಲ್ಲಿ ನಿಲ್ಲಲಿಲ್ಲ. ಗಲ್ಲಿ ದಾಟಿ, ಮೊಣಕಾಲು ನೋವನ್ನು ಲೆಕ್ಕಿಸದೆ ಮೇಲೆ ಹತ್ತಿದ. ಅಂಬುಬಾಯಿ ಕಿಟಕಿಯಲ್ಲಿ ಕೂತಿದ್ದಳು. ಈ ಸಲ ಅವಳು ಪುರಾಣಿಕರ ಕೈಯನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿದ್ದಳು. ಪದ್ಯದ ಒಂದು ಸಾಲು ಮುಗಿದು ಮತ್ತೊಂದು ಏಳುವ ಮುನ್ನ ಬರುವ ಉಸಿರಿಗೆ ಸರಿಯಾಗಿ ಅವಳ ತಲೆ ತೂಗುತ್ತಿತ್ತು, ತಡವಾಗಿರಲಿಲ್ಲ.

ಅವನಿಗೆ ಅವಳೊಂದಿಗೆ ಮಾತಾಡಬೇಕಿತ್ತು. ಸಾಬಮ್ಮನ ಬಗ್ಗೆ, ಅಪ್ಪನ ಬಗ್ಗೆ, ಇಷ್ಟು ವರ್ಷ ಕೇಳದೆ ಬಿಟ್ಟದ್ದರ ಬಗ್ಗೆ. ಹತ್ತಿರ ಹೋಗಿ ಅವಳ ಕಿವಿಗೆ ಬಗ್ಗಿದ.

ಅಂಬುಬಾಯಿ ಕಣ್ಣು ತೆರೆಯದೆ ಅವನ ಮುಖವನ್ನು ಅಂಗೈಯಿಂದ ಮೆಲ್ಲಗೆ ಆಚೆ ಸರಿಸಿದಳು.

"ಆಮ್ಯಾಲ ಹೇಳು," ಎಂದಳು. "ಕಿಟಕಿಗೆ ಅಡ್ಡ ನಿಂತೀದಿ, ಕೇಳವಲ್ದು. ಕುಂದರು."

ಸೂರ್ಯಕಾಂತ ನೆಲದ ಮೇಲೆ, ಅವಳ ಕಾಲ ಬಳಿ ಕೂತ.